ಪರಿಸರಸ್ನೇಹಿ ಬಟ್ಟೆ: ವರ್ಷಗಟ್ಟಲೆ ತೊಟ್ಟು, ಒಗೆದು, ಹೊಲಿದು ನೋಡಿದ ಮೇಲೆ

ಮೊದಲು ಅಂಕ ಹೇಳಿಬಿಡುತ್ತೇನೆ. ಲಿನನ್ ಅಂಗಿಗೆ ಹತ್ತಕ್ಕೆ ಒಂಬತ್ತು. ಲಯೋಸೆಲ್ (ಮರದ ತಿರುಳಿನಿಂದ ಮಾಡಿದ ನಾರು) ಪ್ಯಾಂಟಿಗೆ ಏಳು. ಆರ್ಗ್ಯಾನಿಕ್ ಹತ್ತಿಯ ಟೀ ಶರ್ಟುಗಳಲ್ಲಿ ಒಂದಕ್ಕೆ ಎಂಟು, ಇನ್ನೊಂದಕ್ಕೆ ಮೂರು. ಮರುಬಳಕೆ ಪಾಲಿಯೆಸ್ಟರಿನ ಫ್ಲೀಸ್ ಜಾಕೆಟ್ಟಿಗೆ ಐದು. 'ಬಿದಿರಿನ' ಕಾಲುಚೀಲಕ್ಕೆ ಎರಡು, ಅದೂ ಶುರುವಿನಲ್ಲಿ ಮೆತ್ತಗಿತ್ತು ಅನ್ನೋ ಕಾರಣಕ್ಕೆ. ಇವೆಲ್ಲ 'ಪರಿಸರಸ್ನೇಹಿ' ಅಂತ ಚೀಟಿ ಅಂಟಿಸಿಕೊಂಡು ಬಂದ ಬಟ್ಟೆಗಳು. ಇವುಗಳ ಜೊತೆಗೆ ಯಾವ ಚೀಟಿಯೂ ಇಲ್ಲದ, ಬೇರೆ ಯಾರೋ ತೊಟ್ಟು ಬಿಟ್ಟ ಒಂದು ಹಳೇ ಡೆನಿಮ್ ಜಾಕೆಟ್ ಇದೆ. ಅದಕ್ಕೆ ಹತ್ತಕ್ಕೆ ಹತ್ತು.

ಬಟ್ಟೆ ಬಗ್ಗೆ ಜನ ಬರೆಯುವ ವಿಮರ್ಶೆ ಹೆಚ್ಚಿನವು ಮೊದಲ ವಾರದವು. ಮೆತ್ತಗಿದೆ, ಬಣ್ಣ ಚೆನ್ನಾಗಿದೆ, ಅಳತೆ ಸರಿಯಾಗಿದೆ, ಅಷ್ಟೇ. ಆದರೆ ಒಂದು ಬಟ್ಟೆ ಪರಿಸರಕ್ಕೆ ಒಳ್ಳೆಯದೋ ಅಲ್ವೋ ಅನ್ನೋದು ಮೊದಲ ವಾರದಲ್ಲಿ ಗೊತ್ತಾಗೋದೇ ಇಲ್ಲ. ಬ್ರಿಟನ್ನಿನ ವ್ರ್ಯಾಪ್ ಸಂಸ್ಥೆ 2012ರಲ್ಲೇ ಒಂದು ಲೆಕ್ಕ ಕೊಟ್ಟಿತ್ತು: ಬಟ್ಟೆಯನ್ನು ಇನ್ನೊಂದು 9 ತಿಂಗಳು ಹೆಚ್ಚಿಗೆ ಬಳಸಿದರೆ ಅದರಿಂದಾಗುವ ಇಂಗಾಲ, ನೀರು, ಕಸದ ಹೊರೆ ಶೇ. 20ರಿಂದ 30ರಷ್ಟು ಇಳಿಯುತ್ತದೆ. ಇದನ್ನು ಓದಿದ ಮೇಲೆ ನಾನು ಬಟ್ಟೆ ನೋಡುವ ರೀತಿಯೇ ಬದಲಾಯಿತು. ಯಾವ ನಾರು ಅಂತ ಕೇಳುವ ಮೊದಲು, ಇದು ಎಷ್ಟು ವರ್ಷ ಬರುತ್ತದೆ ಅಂತ ಕೇಳಬೇಕು.

ಆ ಎರಡು ಟೀ ಶರ್ಟುಗಳ ಕತೆಯನ್ನೇ ತಗೊಳ್ಳಿ. ಎರಡೂ ಆರ್ಗ್ಯಾನಿಕ್ ಹತ್ತಿ, ಎರಡಕ್ಕೂ ಜಿಒಟಿಎಸ್ ಗುರುತು, ಅಂದರೆ ಸಾವಯವ ಬಟ್ಟೆಗೆ ಕೊಡುವ ಅಂತರರಾಷ್ಟ್ರೀಯ ಪ್ರಮಾಣಪತ್ರ, ಇತ್ತು. ಈ ಗುರುತನ್ನು ನಾನು ನಂಬುತ್ತೇನೆ. ಬರೀ 'ಆರ್ಗ್ಯಾನಿಕ್' ಅಂತ ಹಾಕಬೇಕಾದರೆ ಶೇ. 95ರಷ್ಟು ನಾರು ಸಾವಯವ ಇರಲೇಬೇಕು, 'ಸಾವಯವ ನಾರು ಬಳಸಿ ಮಾಡಿದ್ದು' ಅನ್ನೋ ಎರಡನೇ ದರ್ಜೆಗೆ ಶೇ. 70. ಹೊಲಕ್ಕೇ ನಿಲ್ಲುವುದಿಲ್ಲ, ಬಣ್ಣ ಹಾಕುವ ಘಟಕದ ಕೊಳಚೆ ನೀರಿಗೂ, ಕೆಲಸಗಾರರ ಸ್ಥಿತಿಗೂ ನಿಯಮ ಇದೆ. 2013ರಲ್ಲಿ ಬಾಂಗ್ಲಾದೇಶದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರಲ್ಲ, ಅದಾದ ಮೇಲೆ ಬಟ್ಟೆ ಯಾರ ಕೈಯಲ್ಲಿ ತಯಾರಾಯಿತು ಅನ್ನೋದನ್ನು ಬಿಟ್ಟು 'ಪರಿಸರಸ್ನೇಹಿ' ಅನ್ನೋ ಮಾತಾಡಲು ನನಗೆ ಮನಸ್ಸು ಬರುವುದಿಲ್ಲ. ಹಾಗಾಗಿ ಗುರುತಿಗೆ ಬೆಲೆ ಇದೆ. ಆದರೆ ಕತ್ತಿನ ಪಟ್ಟಿ ಜೋಲುತ್ತದೋ, ಹೊಲಿಗೆ ಎಷ್ಟು ವರ್ಷ ನಿಲ್ಲುತ್ತದೋ ಅಂತ ಅದು ಹೇಳುವುದಿಲ್ಲ.

ಮೂರು ಅಂಕ ಪಡೆದ ಟೀ ಶರ್ಟು ಕೆಲವು ಒಗೆತಕ್ಕೇ ತಿರುಚಿಕೊಂಡಿತು. ಪಕ್ಕದ ಹೊಲಿಗೆ ಸೊಂಟದ ಬದಿಯಲ್ಲಿ ಇರಬೇಕಾದ್ದು ಮೆಲ್ಲಗೆ ಹೊಟ್ಟೆಯ ಮೇಲಕ್ಕೆ ಬಂತು. ಇದು ಒಗೆದವರ ತಪ್ಪಲ್ಲ. ನೂಲಿಗೆ ಜಾಸ್ತಿ ಹುರಿ ಕೊಟ್ಟು ತೆಳ್ಳಗೆ ಹೆಣೆದಿದ್ದರೆ ನೀರು ಬಿದ್ದ ಕೂಡಲೇ ಆ ಹುರಿ ಬಿಚ್ಚಿಕೊಳ್ಳಲು ನೋಡುತ್ತದೆ, ಅದರ ಜೊತೆ ಬಟ್ಟೆಯೂ ಓರೆಯಾಗುತ್ತದೆ. ಅಂಗಡಿಯಲ್ಲೇ ಕಂಡುಹಿಡಿಯಬಹುದು: ಟೀ ಶರ್ಟನ್ನು ಹೆಗಲ ಹತ್ತಿರ ಹಿಡಿದು ತೂಗುಬಿಡಿ, ಬಟ್ಟೆಯ ಮೇಲೆ ಮೇಲಿಂದ ಕೆಳಕ್ಕೆ ಹೋಗುವ ಸಣ್ಣ ಸಣ್ಣ ಗೆರೆಗಳು ಕಾಣುತ್ತವೆ, ಅವು ಪಕ್ಕದ ಹೊಲಿಗೆಗೆ ಸಮಾನಾಂತರವಾಗಿ ಇಳಿಯುತ್ತಿವೆಯಾ ನೋಡಿ. ಓರೆಯಾಗಿದ್ದರೆ ವಾಪಸ್ ಇಟ್ಟುಬಿಡಿ. ಆಮೇಲೆ ಒಳಗಿನ ಭಾಗ ಹೊರಗೆ ಮಾಡಿ, ಹೊಲಿಗೆಯ ಎರಡು ಬದಿ ಹಿಡಿದು ಮೆಲ್ಲಗೆ ಎಳೆಯಿರಿ. ದಾರದ ನಡುವೆ ಬೆಳಕು ಕಂಡರೆ ಆ ಹೊಲಿಗೆ ಜಾಳು. ಎಂಟು ಅಂಕದ ಟೀ ಶರ್ಟು ಈ ಎರಡು ಪರೀಕ್ಷೆಯಲ್ಲೂ ಪಾಸಾಗಿತ್ತು. ಸ್ವಲ್ಪ ದಪ್ಪ, ಶುರುವಿನಲ್ಲಿ ಒರಟು ಅನ್ನಿಸಿತ್ತು. ಈಗಲೂ ಆಕಾರ ಕೆಟ್ಟಿಲ್ಲ.

ಇನ್ನೊಂದು ಚೀಟಿ ಓಕೋ-ಟೆಕ್ಸ್ ಸ್ಟ್ಯಾಂಡರ್ಡ್ 100. ಇದನ್ನು ಕಂಡು ಆರ್ಗ್ಯಾನಿಕ್ ಅಂದುಕೊಳ್ಳುವವರು ತುಂಬಾ ಜನ. ಅಲ್ಲ. ತಯಾರಾದ ಬಟ್ಟೆಯಲ್ಲಿ ಮೈಗೆ ಹಾನಿ ಮಾಡುವ ರಾಸಾಯನಿಕ ಮಿತಿಗಿಂತ ಜಾಸ್ತಿ ಇಲ್ಲ ಅಂತ ಪರೀಕ್ಷೆ ಮಾಡಿ ಕೊಡುವ ಗುರುತು ಅದು. ಪಾಲಿಯೆಸ್ಟರಿಗೂ ಸಿಗುತ್ತದೆ.

ಹತ್ತಿಯ ನೀರಿನ ಮಾತು ಬಿಡುವಂತಿಲ್ಲ. ಒಂದು ಹತ್ತಿಯ ಟೀ ಶರ್ಟಿಗೆ ಸುಮಾರು 2,700 ಲೀಟರ್ ನೀರು ಅಂತ ಪರಿಸರ ಸಂಸ್ಥೆ ಡಬ್ಲ್ಯುಡಬ್ಲ್ಯುಎಫ್ ಹೇಳುವ ಅಂದಾಜನ್ನು ನೀವೂ ಕೇಳಿರುತ್ತೀರಿ. ಮಧ್ಯ ಏಷ್ಯಾದ ಅರಲ್ ಸಮುದ್ರ ಬತ್ತಿದ್ದೇ ಹತ್ತಿಯಿಂದ, 1960ರ ದಶಕದಿಂದ ಅಮು ದರಿಯಾ, ಸಿರ್ ದರಿಯಾ ನದಿಗಳ ನೀರನ್ನು ಹೊಲಗಳಿಗೆ ತಿರುಗಿಸುತ್ತಾ ಹೋದರು, ಕೊನೆಗೆ ಮೀನುಗಾರರ ದೋಣಿಗಳು ಮರಳಿನ ಮೇಲೆ ನಿಂತವು. ಸಾವಯವ ಅಂದ ಮಾತ್ರಕ್ಕೆ ನೀರು ಬೇಡ ಅಂತಲ್ಲ. ಮಳೆಯಾಶ್ರಯದ ಹತ್ತಿಯೋ, ಕಾಲುವೆ ನೀರಿನದ್ದೋ ಅನ್ನೋದರ ಮೇಲೆ ಎಲ್ಲ ನಿಂತಿದೆ. ಚೀಟಿ ಮೇಲೆ ಅದನ್ನು ಬರೆದಿದ್ದು ನಾನು ಕಂಡಿಲ್ಲ. ಬರೆಯಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಲಿನನ್ ಯಾಕೆ ಮೇಲೆ ಅಂದರೆ, ಅದು ಅಗಸೆ ಗಿಡದ ಕಾಂಡದ ನಾರು, ಫ್ರಾನ್ಸ್, ಬೆಲ್ಜಿಯಂ ಕಡೆ ಬಹುಪಾಲು ಮಳೆ ನೀರಲ್ಲೇ ಬೆಳೆಯುತ್ತಾರೆ. ಆದರೆ ನನಗೆ ಅದು ಇಷ್ಟವಾಗಿದ್ದು ಒಗೆಯುವಾಗ. ಒದ್ದೆಯಾದಾಗ ಲಿನನ್ ಇನ್ನೂ ಗಟ್ಟಿಯಾಗುತ್ತದೆ, ಹಾಗಾಗಿ ಎಷ್ಟು ಒಗೆದರೂ ನಾರು ಜಗ್ಗುವುದಿಲ್ಲ. ವರ್ಷ ಕಳೆದಂತೆ ಮೆತ್ತಗಾಗುತ್ತದೆ. ಸುಕ್ಕು ಬೀಳುತ್ತದೆ, ಅದು ನಿಜ, ಸುಕ್ಕು ಆಗದವರು ಇದರ ತಂಟೆಗೆ ಹೋಗಬೇಡಿ. ಒಂದೇ ದೌರ್ಬಲ್ಯ ಮಡಿಕೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಿಗಿಯಾಗಿ ಮಡಿಚಿ ಇಸ್ತ್ರಿ ಒತ್ತಿದರೆ ಅಲ್ಲೇ ಎಳೆಗಳು ಮುರಿಯುತ್ತವೆ. ನನ್ನ ಅಂಗಿಯ ಕಾಲರ್ ಮಡಿಚುವ ಗೆರೆಯಲ್ಲಿ ಮೊದಲು ಸವೆದು ಬಿಳಿಚಿತು, ಆಮೇಲೆ ಸಣ್ಣ ಸಣ್ಣ ಎಳೆಗಳು ಮೇಲೆದ್ದವು. ಹೊಲಿಗೆ ಬಿಚ್ಚಿ, ಕಾಲರನ್ನು ತಿರುಗಿಸಿ, ಸವೆದ ಮೈಯನ್ನು ಒಳಗೆ ಮಾಡಿ ಮತ್ತೆ ಹೊಲಿಸಿದೆ. ಹಿಂದೆ ಟೈಲರುಗಳು ಮಾಮೂಲಾಗಿ ಮಾಡುತ್ತಿದ್ದ ಕೆಲಸ ಇದು, ಈಗಲೂ ಕೇಳಿದರೆ ಮಾಡಿಕೊಡುತ್ತಾರೆ. ಅಂಗಿಗೆ ಇನ್ನೊಂದು ಆಯುಸ್ಸು ಸಿಕ್ಕಿತು. ಕಾಲರಿಗೆ ಈಗ ಇಸ್ತ್ರಿ ಒತ್ತುವುದಿಲ್ಲ.

ಲಯೋಸೆಲ್ ಮತ್ತು ವಿಸ್ಕೋಸ್ ಎರಡೂ ಮರದ ತಿರುಳಿನಿಂದ ಬರುವ ನಾರುಗಳು, ಆದರೆ ತಯಾರಿಯಲ್ಲಿ ದೊಡ್ಡ ವ್ಯತ್ಯಾಸ. ವಿಸ್ಕೋಸಿಗೆ ಕಾರ್ಬನ್ ಡೈಸಲ್ಫೈಡ್ ಬೇಕು, ಅದು ಕೆಲಸಗಾರರ ನರಗಳನ್ನು ಹಾಳು ಮಾಡುವ ವಿಷ. ಲಯೋಸೆಲ್‌ನಲ್ಲಿ ಬೇರೆ ದ್ರಾವಕ ಬಳಸಿ, ಅದರಲ್ಲಿ ಶೇ. 99ಕ್ಕೂ ಹೆಚ್ಚು ಪಾಲನ್ನು ಹಿಂದಕ್ಕೆ ಪಡೆದು ಮತ್ತೆ ಬಳಸುತ್ತಾರೆ. ಆಸ್ಟ್ರಿಯಾದ ಲೆಂಜಿಂಗ್ ಕಂಪನಿಯ ಟೆನ್ಸೆಲ್ ಅನ್ನೋ ಹೆಸರಲ್ಲಿ ಹೆಚ್ಚು ಜನಕ್ಕೆ ಪರಿಚಯ. ತೊಡಲು ತಂಪು, ಬೆವರು ಹೀರುತ್ತದೆ. ಅಂಕ ಕಡಿಮೆಯಾಗಿದ್ದು ಯಾಕೆಂದರೆ ಕಪ್ಪು ಪ್ಯಾಂಟು ತೊಡೆಯ ಹತ್ತಿರ, ಜೇಬಿನ ಅಂಚಿನಲ್ಲಿ, ಉಜ್ಜಿದ ಕಡೆಯೆಲ್ಲಾ ಬೂದಿ ಬಣ್ಣಕ್ಕೆ ತಿರುಗಿತು. ನೋಡಿದರೆ ಬಣ್ಣ ಹೋದಂತೆ ಕಾಣುತ್ತದೆ, ಬಣ್ಣ ಹೋಗಿರುವುದಿಲ್ಲ, ಒದ್ದೆಯಿದ್ದಾಗ ಉಜ್ಜಿದರೆ ಈ ನಾರಿನ ಮೇಲ್ಮೈ ಕೂದಲಿನಂತೆ ಸೀಳುತ್ತದೆ, ಆ ಸೀಳುಗಳೇ ಬೆಳ್ಳಗೆ ಕಾಣುವುದು. ಒಳಮೈ ಹೊರಗೆ ಮಾಡಿ ಒಗೆದರೆ ತುಂಬಾ ಕಡಿಮೆಯಾಗುತ್ತದೆ. ತಿಳಿ ಬಣ್ಣದ್ದು ತಗೊಂಡರೆ ಇನ್ನೂ ಒಳ್ಳೆಯದು.

ಬಿದಿರಿನ ಕಾಲುಚೀಲದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಾರುಕಟ್ಟೆಯಲ್ಲಿ 'ಬಿದಿರಿನ ಬಟ್ಟೆ' ಅಂತ ಸಿಗುವುದು ಹೆಚ್ಚಿನಂಶ ಬಿದಿರಿನ ತಿರುಳಿಂದ ಮಾಡಿದ ವಿಸ್ಕೋಸೇ. ಅಮೆರಿಕದಲ್ಲಿ ಗ್ರಾಹಕರಿಗೆ ಮೋಸವಾಗದಂತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಟಿಸಿ 2009ರಲ್ಲೇ ಕೆಲವು ಕಂಪನಿಗಳ ಮೇಲೆ ಕ್ರಮ ತಗೊಂಡು, ಇದನ್ನು ಬರೀ ಬಿದಿರು ಅಂತ ಮಾರಬೇಡಿ, ಬಿದಿರಿನಿಂದ ಮಾಡಿದ ರೇಯಾನ್ (ವಿಸ್ಕೋಸ್ ಕೂಡ ರೇಯಾನೇ) ಅಂತ ಬರೆಯಿರಿ ಅಂದಿತ್ತು. ನನ್ನವು ಹಿಮ್ಮಡಿಯಲ್ಲಿ ಬೇಗನೆ ತೂತು ಬಿದ್ದವು. ಚೀಟಿಯ ಮುಂಭಾಗದಲ್ಲಿ ಹಸಿರು ಎಲೆ, ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ನೈಲಾನ್. ಹಿಂಭಾಗ ಓದಿ.

ಮರುಬಳಕೆ ಪಾಲಿಯೆಸ್ಟರಿನ ಫ್ಲೀಸ್ ವಿಷಯದಲ್ಲಿ ನನಗೆ ಈಗಲೂ ಎರಡು ಮನಸ್ಸು. ಜಾಕೆಟ್ಟು ಗಟ್ಟಿ, ಬೆಚ್ಚಗೆ, ಜಿಪ್ ಸಮೇತ ಏನೂ ಕೆಟ್ಟಿಲ್ಲ. ಹೊಸ ಪೆಟ್ರೋಲಿಯಂ ಬಳಸಿ ಮಾಡಿದ್ದಕ್ಕಿಂತ ಇದು ಮೇಲು. ಆದರೆ ಇದರ ಕಚ್ಚಾ ಮಾಲು ಹಳೇ ಬಟ್ಟೆ ಅಲ್ಲ, ಬಹುತೇಕ ನೀರಿನ ಬಾಟಲಿ. ಬಾಟಲಿ ಮತ್ತೆ ಬಾಟಲಿ ಆಗಬಹುದಿತ್ತು, ಜಾಕೆಟ್ಟು ಆದ ಮೇಲೆ ಅದರ ದಾರಿ ಹೆಚ್ಚುಕಡಿಮೆ ಅಲ್ಲಿಗೇ ಮುಗಿಯಿತು. ಬಟ್ಟೆಗೆ ಬಳಸುವ ವಸ್ತುಗಳಲ್ಲಿ ಮತ್ತೆ ಹೊಸ ಬಟ್ಟೆಯಾಗುವುದು ಶೇ. 1ಕ್ಕಿಂತ ಕಡಿಮೆ ಅಂತ ಮರುಬಳಕೆ ಬಗ್ಗೆ ಕೆಲಸ ಮಾಡುವ ಎಲೆನ್ ಮ್ಯಾಕಾರ್ಥರ್ ಫೌಂಡೇಶನ್ 2017ರಲ್ಲಿ ಹೇಳಿತ್ತು. ಅದರ ಜೊತೆಗೆ ಒಗೆದಾಗಲೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಎಳೆಗಳು ನೀರಿಗೆ ಹೋಗುತ್ತವೆ. ಸಣ್ಣ ಚೂರುಗಳ ರೂಪದಲ್ಲೇ ಕಡಲು ಸೇರುವ ಮೈಕ್ರೋಪ್ಲಾಸ್ಟಿಕ್‌ನಲ್ಲಿ ಸುಮಾರು ಶೇ. 35 ಸಿಂಥೆಟಿಕ್ ಬಟ್ಟೆ ಒಗೆಯುವುದರಿಂದ ಅಂತ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಅದೇ ವರ್ಷ ಅಂದಾಜು ಮಾಡಿದೆ. ಫ್ಲೀಸ್ ಅಂದರೆ ಎಳೆ ಎಬ್ಬಿಸಿಯೇ ಮಾಡಿದ ಬಟ್ಟೆ, ಉದುರದೆ ಇರುತ್ತಾ? ನಾನು ಅದನ್ನು ತೀರಾ ಅಪರೂಪಕ್ಕೆ ಒಗೆಯುತ್ತೇನೆ. ಗಾಳಿಗೆ ಹಾಕಿ, ಕಲೆ ಇದ್ದ ಕಡೆ ಮಾತ್ರ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕಾಗುತ್ತದೆ. ದಿನಾ ಒಗೆಯಲೇಬೇಕಾದ ಬಟ್ಟೆಗೆ, ಅದರಲ್ಲೂ ಮಕ್ಕಳ ಬಟ್ಟೆಗೆ ಈ ನಾರು ಬೇಡ ಅನ್ನುತ್ತೇನೆ.

ಹಳೇ ಬಟ್ಟೆ ವಾಪಸ್ ತಗೊಳ್ಳುವ ಸೇವೆಯನ್ನೂ ಬಳಸಿದ್ದೇನೆ. ಒಂದು ಅಂಗಡಿಯಲ್ಲಿ ಡಬ್ಬ ಇಟ್ಟಿದ್ದರು, ಬಟ್ಟೆ ಹಾಕಿದರೆ ಮುಂದಿನ ಖರೀದಿಗೆ ರಿಯಾಯಿತಿ ಕೂಪನ್. ಇದು ಎಲ್ಲಿಗೆ ಹೋಗುತ್ತದೆ ಅಂತ ಕೇಳಿದೆ. ಕೌಂಟರಿನಲ್ಲಿದ್ದ ಹುಡುಗಿಗೆ ಗೊತ್ತಿರಲಿಲ್ಲ, ಅದು ಅವಳ ತಪ್ಪಲ್ಲ, ಅವಳಿಗೆ ಹೇಳಿಕೊಡಬೇಕಾದವರು ಹೇಳಿಕೊಟ್ಟಿಲ್ಲ. ಇಮೇಲ್ ಬರೆದೆ, ಬಂದ ಉತ್ತರದಲ್ಲಿ 'ಜವಾಬ್ದಾರಿಯುತವಾಗಿ ನಿರ್ವಹಿಸುತ್ತೇವೆ' ಅನ್ನೋದು ಬಿಟ್ಟು ಏನೂ ಇರಲಿಲ್ಲ. ಈಗ ಅಲ್ಲಿಗೆ ಕೊಡುವುದಿಲ್ಲ. ತೊಡುವ ಸ್ಥಿತಿಯಲ್ಲಿದ್ದರೆ ಬೇಕಾದವರ ಕೈಗೇ ಕೊಡುತ್ತೇನೆ, ಇಲ್ಲದಿದ್ದರೆ ಒರೆಸುವ ಬಟ್ಟೆ.

ಇನ್ನು ಆ ಡೆನಿಮ್ ಜಾಕೆಟ್. ಪೂರ್ತಿ ಹತ್ತಿ, ಸ್ಟ್ರೆಚ್ ದಾರ ಒಂದೂ ಇಲ್ಲ. ಎಲಾಸ್ಟೇನ್ (ಹಿಗ್ಗುವ ಆ ಸ್ಟ್ರೆಚ್ ದಾರ) ಬೆರೆಸಿದ ಬಟ್ಟೆಗಳಲ್ಲಿ ಮೊದಲು ಸಾಯುವುದು ಎಲಾಸ್ಟೇನೇ. ಬಿಸಿಗೆ ಅದರ ಬಿಗಿ ಹೋಗುತ್ತದೆ, ಪ್ಯಾಂಟಿನ ಮಂಡಿ ಜೋಲುತ್ತದೆ, ಮರುಬಳಕೆ ಮಾಡುವವರಿಗೂ ಆ ಬೆರಕೆ ಬೇರ್ಪಡಿಸುವುದು ಕಷ್ಟ. ಹಳೇ ಬಟ್ಟೆಯಲ್ಲಿ ಇನ್ನೊಂದು ಲಾಭ ಇದೆ, ಇದನ್ನು ಯಾರೂ ಹೇಳುವುದಿಲ್ಲ: ಕುಗ್ಗುವಷ್ಟು ಕುಗ್ಗಿ ಆಗಿರುತ್ತದೆ, ಬಣ್ಣ ಬಿಡುವಷ್ಟು ಬಿಟ್ಟು ಆಗಿರುತ್ತದೆ, ತಿರುಚಿಕೊಳ್ಳುವುದಿದ್ದರೆ ಈಗಾಗಲೇ ತಿರುಚಿಕೊಂಡಿರುತ್ತದೆ. ಕಣ್ಣೆದುರಿಗೇ ಫಲಿತಾಂಶ ಇದೆ. ಕೊಳ್ಳುವಾಗ ಕಂಕುಳು, ಕಾಲರ್, ಮೊಣಕೈ ಮೂರನ್ನೂ ಬೆಳಕಿಗೆ ಹಿಡಿದು ನೋಡಿ, ಬಟ್ಟೆ ತೆಳುವಾಗಿದ್ದರೆ ಅಲ್ಲೇ ಕಾಣುತ್ತದೆ.

ದುಡ್ಡಿನ ಮಾತು. ಸಾವಯವ, ಲಿನನ್ ಎಲ್ಲ ದುಬಾರಿ, ಎಲ್ಲರಿಗೂ ಆಗುವುದಿಲ್ಲ. ಆಗದವರು ಬೇಜಾರು ಮಾಡಿಕೊಳ್ಳುವ ಅಗತ್ಯ ಖಂಡಿತ ಇಲ್ಲ. ಬೀರುವಿನಲ್ಲಿರುವ ಪಾಲಿಯೆಸ್ಟರ್ ಅಂಗಿಯನ್ನು ಸುಮ್ನೆ ಎಸೆದು ಹೊಸ ಆರ್ಗ್ಯಾನಿಕ್ ಅಂಗಿ ತರುವುದಕ್ಕಿಂತ, ಬಿದ್ದ ಗುಂಡಿ ಹಾಕಿಸಿಕೊಂಡು ಅದನ್ನೇ ತೊಡುವುದು ಒಳ್ಳೆಯದು. ತಣ್ಣೀರಲ್ಲಿ ಒಗೆಯಿರಿ, ನೆರಳಲ್ಲಿ ಒಣಹಾಕಿ. ಡ್ರೈಯರ್ ಜಾಲರಿಯಲ್ಲಿ ಸಿಗುವ ಜುಂಗು ಇದೆಯಲ್ಲ, ಅದು ನಿಮ್ಮ ಬಟ್ಟೆಯೇ.

ನನಗೆ ಇನ್ನೂ ಸರಿಯಾದ ಉತ್ತರ ಸಿಗದಿರುವುದು ಒಳ ಉಡುಪು ಮತ್ತು ಕಾಲುಚೀಲದಲ್ಲಿ. ಇವೆರಡನ್ನೂ ಹೊಸದಾಗಿಯೇ ಕೊಳ್ಳಬೇಕು, ಹತ್ತಿ ಚೆನ್ನಾಗಿರುವಾಗಲೇ ಎಲಾಸ್ಟಿಕ್ ಸತ್ತು ಹೋಗುತ್ತದೆ, ಆ ಎಲಾಸ್ಟಿಕನ್ನು ಹತ್ತಿಯ ಜೊತೆಗೇ ಸೇರಿಸಿ ಹೊಲಿದಿರುವುದರಿಂದ ಬದಲಾಯಿಸಲು ಆಗುವುದಿಲ್ಲ. ಸೊಂಟಕ್ಕೆ ಪಟ್ಟಿಯೊಳಗೆ ಎಲಾಸ್ಟಿಕ್ ತೂರಿಸಿ ಹೊಲಿದಿರುವ, ಹಳತಾದಾಗ ಬಿಚ್ಚಿ ಹೊಸದು ಹಾಕಬಹುದಾದ ಒಳ ಉಡುಪನ್ನು ಯಾರಾದರೂ ವರ್ಷಗಟ್ಟಲೆ ಬಳಸಿದ್ದರೆ, ಹೇಗಿದೆ ಅಂತ ದಯವಿಟ್ಟು ಹೇಳಿ.