ಮೈಗ್ರೇನ್ ಗುಳಿಗೆ ಅಂತ ಕೇಳಬೇಡಿ, ಹೆಸರು ಹೇಳಿ ಕೇಳಿ

ಡೊಂಬಿವಲಿ ಕಡೆಯ ನಮ್ಮವರೇ, ಮೈಗ್ರೇನ್ ಇದ್ದರೆ ಇದನ್ನ ಪೂರ್ತಿ ಓದಿ. ಬರೆಯೋಕೆ ನಾಚಿಕೆ ಆಗ್ತಿದೆ, ಯಾಕಂದ್ರೆ ನಾನೇ ನರ್ಸ್. ಹದಿನಾಲ್ಕು ವರ್ಷದ ಸರ್ವಿಸ್.

ನೈಟ್ ಡ್ಯೂಟಿ ಮುಗಿಸಿ ಬಂದು ಬೆಳಿಗ್ಗೆ 9ಕ್ಕೆ ನನ್ನ ಮೈಗ್ರೇನ್ ಗುಳಿಗೆ ಸುಮಾಟ್ರಿಪ್ಟಾನ್ 50 ಮಿ.ಗ್ರಾಂ ನುಂಗಿದೆ. ನನ್ನ ಹತ್ರ ಇದ್ದದ್ದು ಅದೊಂದೇ. ನೋವು ಇಳಿದು, ಮಧ್ಯಾಹ್ನ ಮತ್ತೆ ಹಿಡೀತು. ಎರಡು ಗಂಟೆ ಕಳೆದಿದ್ರೆ ಅದನ್ನೇ ಇನ್ನೊಂದು ತಗೋಬಹುದು, ಹಾಗಾಗಿ ಮಗನ್ನ ಸ್ಟೇಷನ್ ಹತ್ರದ ಮೆಡಿಕಲ್‌ಗೆ ಕಳಿಸಿದೆ. ತಪ್ಪು ನನ್ನದೂ ಇದೆ. "ಅಮ್ಮ ಯಾವಾಗ್ಲೂ ತಗೊಳ್ಳೋ ಮೈಗ್ರೇನ್ ಗುಳಿಗೆ ಅನ್ನು" ಅಂದೆ.

ನಾಲ್ಕು ಗುಳಿಗೆ ಬಂತು. ಕೋಣೆ ಕತ್ತಲು, ಬೆಳಕು ಕಂಡ್ರೆ ವಾಂತಿ. ನೋಡದೇ ನುಂಗಿದೆ. ನೋಡದೇ!

ಒಂದೆರಡು ಗಂಟೇಲಿ ಬೆರಳ ತುದಿ ತಣ್ಣಗೆ, ಜುಮುಜುಮು, ಎದೆ ಮೇಲೆ ಯಾರೋ ಕೂತ ಹಾಗೆ. ಆಗ ಸ್ಟ್ರಿಪ್ ತಿರುಗಿಸಿದೆ. ಕತ್ತರಿಯಲ್ಲಿ ಕತ್ತರಿಸಿದ ತುಂಡು, ಹೆಸರು ಅಂಗಡಿಯವನ ಪಾಲಿನ ಅರ್ಧದಲ್ಲಿ ಉಳಿದಿತ್ತು. ನನ್ನ ತುಂಡಲ್ಲಿ ಬರೀ "ಟಾರ್ಟ್ರೇಟ್", ಕೆಳಗೆ "ಕೆಫೀನ್". ಎರ್ಗೋಟಮೀನ್! ಇದೂ ಮೈಗ್ರೇನ್‌ದೇ, ಆದ್ರೆ ಬೇರೆ ಔಷಧಿ. ಸುಮಾಟ್ರಿಪ್ಟಾನ್, ಇದು, ಎರಡೂ ರಕ್ತನಾಳ ಬಿಗಿಯೋ ಔಷಧಿ, ನಡುವೆ 24 ಗಂಟೆ ಬೇಕೇ ಬೇಕು. ಪೇಷಂಟ್‌ಗಳಿಗೆ ನಾನೇ ಎಷ್ಟು ಸಲ ಹೇಳಿಲ್ಲ ಇದನ್ನ!

ಕ್ಯಾಶುವಾಲ್ಟಿ. ಬಿಪಿ 170/100. ಇಸಿಜಿ ನಾರ್ಮಲ್ ಬಂತು, ರಾತ್ರಿಯಿಡೀ ಅಲ್ಲೇ ಇಟ್ಕೊಂಡ್ರು. ಪರಿಚಯದ ಸಿಸ್ಟರ್ "ನೀನೇನಾ?" ಅಂದಾಗ ಚಾದರ ಮುಖಕ್ಕೆ ಎಳ್ಕೊಂಡೆ.

ಮಾರನೇ ದಿನ ಅಂಗಡಿಗೆ ಹೋದೆ. "ಸೇಮ್ ಹೈ ಸಿಸ್ಟರ್, ವೋ ಭೀ ಮೈಗ್ರೇನ್ ಕಾ, ಯೇ ಭೀ ಮೈಗ್ರೇನ್ ಕಾ." ಸೇಮ್ ಅಂತೆ! ಡಾಕ್ಟರ್ ಚೀಟಿ ಯಾಕೆ ಕೇಳಲಿಲ್ಲ ಅಂದೆ. "ಆಪ್ ತೋ ಸಿಸ್ಟರ್ ಹೋ, ಆಪ್‌ಕೋ ತೋ ಪತಾ ಹೋನಾ ಚಾಹಿಯೇ." ನರ್ಸ್ ಆದ ನನಗೇ ಗೊತ್ತಿರಬೇಕಂತೆ! ಅದು ನೋಡಿ ಚುಚ್ಚಿದ್ದು. ಆಮೇಲೆ, ಕತ್ತರಿಸಿದ ಸ್ಟ್ರಿಪ್ ವಾಪಸ್ ತಗೊಳ್ಳಲ್ಲ ಅಂದ. ದುಡ್ಡು ಕೇಳಿದ್ದು ಯಾರು?

ಹೆಸರು, ಎಕ್ಸ್‌ಪೈರಿ ಇಲ್ಲದ ತುಂಡು ತಗೋಬೇಡಿ. ಹಿಂದಿನ ಗುಳಿಗೆ ಯಾವುದು, ಎಷ್ಟೊತ್ತಿಗೆ ನುಂಗಿದ್ದು, ಬರೆದಿಡಿ. ಹೃದಯದ ತೊಂದರೆ, ಹತೋಟಿಗೆ ಬಾರದ ಬಿಪಿ ಇದ್ರೆ ಸುಮಾಟ್ರಿಪ್ಟಾನ್, ಎರ್ಗೋಟಮೀನ್ ಎರಡೂ ಬೇಡ. ಬಸುರಿಯರು ಎರ್ಗೋಟಮೀನ್ ಮುಟ್ಟಲೇಬಾರದು. ಕ್ಲಾರಿಥ್ರೋಮೈಸಿನ್ ಅನ್ನೋ ಆಂಟಿಬಯಾಟಿಕ್ ತಗೊಳ್ತಿರೋರೂ ಅಷ್ಟೇ. ತಿಂಗಳಿಗೆ ಹತ್ತು ದಿನ ಈ ಗುಳಿಗೆ ಬೇಕಾಗ್ತಿದ್ರೆ ಗುಳಿಗೆಯಿಂದಲೇ ತಲೆನೋವು ಬರಬಹುದು, ಡಾಕ್ಟರ್ ಹತ್ರ ಹೋಗಿ.

ನಿನ್ನೆ 7:12ರ ಲೋಕಲ್‌ಗೆ ಓಡ್ತಿದ್ದೆ. ಅಂಗಡಿಯಿಂದ "ಸಿಸ್ಟರ್, ತಬಿಯತ್ ಠೀಕ್?" ಅಂದ. ಕೈಯಲ್ಲಿ ಅದೇ ಕತ್ತರಿ.