ಡೇವಿಡ್‌ಸನ್ ವೈದ್ಯಗ್ರಂಥ: ರೋಗಿಯ ದೂರಿನಿಂದ ರೋಗದ ಹೆಸರಿನವರೆಗೆ

ಎಂಬಿಬಿಎಸ್ ವಿದ್ಯಾರ್ಥಿಗಳು ಡೇವಿಡ್‌ಸನ್ ಎಂದಷ್ಟೇ ಕರೆಯುವ ‘ಡೇವಿಡ್‌ಸನ್ಸ್ ಪ್ರಿನ್ಸಿಪಲ್ಸ್ ಅಂಡ್ ಪ್ರಾಕ್ಟೀಸ್ ಆಫ್ ಮೆಡಿಸಿನ್’ ಮೊದಲು ಪ್ರಕಟವಾದದ್ದು 1952ರಲ್ಲಿ. ಎಡಿನ್‌ಬರಾದಲ್ಲಿ ಪ್ರಾಧ್ಯಾಪಕರಾಗಿದ್ದ ಸರ್ ಸ್ಟ್ಯಾನ್ಲಿ ಡೇವಿಡ್‌ಸನ್ ತಮ್ಮ ವಿದ್ಯಾರ್ಥಿಗಳಿಗೆ ಕೊಡುತ್ತಿದ್ದ ಉಪನ್ಯಾಸದ ಟಿಪ್ಪಣಿಗಳಿಂದ ಬೆಳೆದ ಈ ಪುಸ್ತಕದಲ್ಲಿ, ಎದುರಿಗೆ ಕುಳಿತವರಿಗೆ ಪಾಠ ಹೇಳುವ ಕ್ರಮ ಇಂದಿಗೂ ಉಳಿದುಬಂದಿದೆ.

ಇದರ ದೊಡ್ಡ ಗುಣವೆಂದರೆ ಅಧ್ಯಾಯಗಳ ಜೋಡಣೆ. ಅಂಗವ್ಯೂಹಗಳ ಅಧ್ಯಾಯಗಳು ರೋಗಿಯನ್ನು ಪರೀಕ್ಷಿಸುವ ಸಚಿತ್ರ ಪುಟಗಳಿಂದ ಆರಂಭವಾಗಿ, ರೋಗಿ ಹೇಳಿಕೊಂಡು ಬರುವ ತೊಂದರೆಗಳನ್ನು ವಿವರಿಸಿದ ಮೇಲಷ್ಟೇ ಒಂದೊಂದು ರೋಗದ ವಿಚಾರಕ್ಕೆ ಇಳಿಯುತ್ತವೆ. ಕಾಮಾಲೆಯನ್ನೇ ನೋಡಿ: ಕೆಂಪು ರಕ್ತಕಣಗಳು ಒಡೆಯುವುದರಿಂದ ಬಂದದ್ದೇ, ಯಕೃತ್ತಿನ ಜೀವಕೋಶಗಳಿಗೆ ಪೆಟ್ಟಾದದ್ದೇ, ಅಥವಾ ಪಿತ್ತನಾಳ ಕಟ್ಟಿಕೊಂಡದ್ದೇ ಎಂಬುದನ್ನು ಮೊದಲು ಬಿಡಿಸಿಕೊಳ್ಳಬೇಕು, ಮಲ ಬಿಳಿಚಿಕೊಂಡು, ಮೂತ್ರ ಗಾಢ ಬಣ್ಣಕ್ಕೆ ತಿರುಗಿ, ಮೈಯೆಲ್ಲ ತುರಿಕೆಯಿದ್ದರೆ ಅನುಮಾನ ಪಿತ್ತನಾಳದ ಕಡೆಗೆ ಹೋಗಬೇಕು. ವಾರ್ಡಿನಲ್ಲಿ ಯೋಚನೆ ಸಾಗುವ ದಾರಿಯೂ ಇದೇ. ಎರಡು ಸಂಪುಟಗಳ ಇನ್ನೊಂದು ವೈದ್ಯಗ್ರಂಥ ಹ್ಯಾರಿಸನ್ ಇದಕ್ಕಿಂತ ಆಳವಾದದ್ದು ನಿಜ, ಆದರೆ ಮೂರನೇ ವರ್ಷದ ವಿದ್ಯಾರ್ಥಿಯ ಕೈಗೆ ಮೊದಲು ಅದನ್ನು ಕೊಡುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ.

ವಿಷಜಂತುಗಳ ಕಡಿತಕ್ಕೆ ಪ್ರತ್ಯೇಕ ಅಧ್ಯಾಯ ಮೀಸಲಿಟ್ಟಿರುವುದು ನಮ್ಮ ತಾಲ್ಲೂಕು ಆಸ್ಪತ್ರೆಗಳ ವೈದ್ಯರಿಗೆ ನಿಜವಾದ ಉಪಕಾರ. ಮಲೆನಾಡಿನ ಮಂಗನ ಕಾಯಿಲೆಗೆ ಮಾತ್ರ ರಕ್ತಸ್ರಾವದ ಜ್ವರಗಳ ಕೋಷ್ಟಕದಲ್ಲಿ ಒಂದು ಸಾಲಿನಷ್ಟು ಜಾಗ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ರೋಗ ಉಣ್ಣೆಯ ಕಡಿತದಿಂದ ಹರಡುತ್ತದೆ. ಕೆಲವರಲ್ಲಿ ಜ್ವರ ಬಿಟ್ಟು ಒಂದೆರಡು ವಾರಗಳಲ್ಲಿ ಮರುಕಳಿಸಿ, ತೀವ್ರ ತಲೆನೋವು, ಕತ್ತು ಬಿಗಿತ ಕಾಣಿಸಿಕೊಳ್ಳುತ್ತದೆ. ತೀರ್ಥಹಳ್ಳಿಯಲ್ಲೋ ಸಾಗರದಲ್ಲೋ ಕೆಲಸ ಮಾಡುವವರಿಗೆ ಆ ಒಂದು ಸಾಲು ಸಾಲದು. ಆದ್ದರಿಂದ ಅಸೋಸಿಯೇಷನ್ ಆಫ್ ಫಿಸಿಷಿಯನ್ಸ್ ಆಫ್ ಇಂಡಿಯಾ (ಎಪಿಐ) ಎಂಬ ವೈದ್ಯರ ಸಂಘ ಹೊರತರುವ ಎಪಿಐ ಪಠ್ಯಪುಸ್ತಕವನ್ನೂ ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು.

ಮನೆಯವರ ಕಾಯಿಲೆಯನ್ನು ತಿಳಿದುಕೊಳ್ಳಬಯಸುವ ಸಾಮಾನ್ಯ ಓದುಗರಿಗೆ ಇದು ತಕ್ಕ ಪುಸ್ತಕವಲ್ಲ. ಅಂಥವರಿಗೆಂದೇ ಎಂಎಸ್‌ಡಿ ಮ್ಯಾನ್ಯುಯಲ್‌ನ ಸರಳ ಇಂಗ್ಲಿಷ್ ಆವೃತ್ತಿ ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ.

ಹಳೆಯ ಪುಸ್ತಕದಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಹಿಂದಿನ ಆವೃತ್ತಿಯನ್ನು ಕೊಳ್ಳುವವರು ಒಂದು ಎಚ್ಚರ ವಹಿಸಬೇಕು. ರೋಗಿಯನ್ನು ಪರೀಕ್ಷಿಸುವ ವಿಧಾನ, ರೋಗಲಕ್ಷಣಗಳ ವಿವರಣೆ ಇವುಗಳನ್ನು ಅದರಲ್ಲಿ ನಿಶ್ಚಿಂತೆಯಿಂದ ಓದಬಹುದು. ಮಧುಮೇಹ, ಕ್ಷಯ, ಎಚ್‌ಐವಿ ಸೋಂಕಿನ ಚಿಕಿತ್ಸೆಯನ್ನು ಮಾತ್ರ ಹೊಸ ಆವೃತ್ತಿಯಲ್ಲಿ ಮತ್ತು ಸರ್ಕಾರದ ಈಗಿನ ಮಾರ್ಗಸೂಚಿಗಳಲ್ಲಿಯೇ ನೋಡಬೇಕು.