ಕೃತಕ ಹುಲ್ಲಿನ ಮೈದಾನಕ್ಕೆ ಮುಂಗಡ ಕೊಡುವ ಮುನ್ನ ಕಾಲೇಜಿನವರು ದಯವಿಟ್ಟು ಇದನ್ನು ಓದಿ

ಕಾಲೇಜಿನ ಫುಟ್‌ಬಾಲ್ ಮೈದಾನಕ್ಕೆ ಕೃತಕ ಹುಲ್ಲು ಹಾಸಿಸುವ ಆಲೋಚನೆಯಲ್ಲಿರುವ ಆಡಳಿತ ಮಂಡಳಿಗಳು, ಪ್ರಾಂಶುಪಾಲರು ಮತ್ತು ನನ್ನಂತೆ ದೈಹಿಕ ಶಿಕ್ಷಣ ನಿರ್ದೇಶಕರಾಗಿರುವ ಸಹೋದ್ಯೋಗಿಗಳು ಇದನ್ನು ಕೊನೆಯವರೆಗೆ ಓದಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಬಳ್ಳಾರಿ ಸೀಮೆಯ ನಮ್ಮ ಕಾಲೇಜಿಗೆ ಆದದ್ದು ಇನ್ನೊಂದು ಕಾಲೇಜಿಗೆ ಆಗಬಾರದು. ವಿಷಯ ಈಗ ವಕೀಲರ ಕೈಯಲ್ಲಿರುವುದರಿಂದ ಗುತ್ತಿಗೆ ಹಿಡಿದ ಕಂಪನಿಯ ಹೆಸರನ್ನು ಬರೆಯುತ್ತಿಲ್ಲ. ಆದರೆ ಅವರು ಬರುವ ರೀತಿ, ಆಡುವ ಮಾತು, ಮೇಜಿನ ಮೇಲೆ ಹರಡುವ ಕಾಗದ ಯಾವ ಬಗೆಯದು ಎಂಬುದನ್ನು ಮುಚ್ಚಿಡದೆ ಹೇಳುತ್ತೇನೆ.

ನಮ್ಮ ಹಳೆಯ ಮೈದಾನ ಬಹಳ ಚೆನ್ನಾಗಿತ್ತು ಎಂದು ನಾನು ವಾದಿಸುವುದಿಲ್ಲ. ಎರಡೂ ಗೋಲುಗಳ ಮುಂದೆ ಹುಲ್ಲು ಸವೆದು ನೆಲ ಕಾಣುತ್ತಿತ್ತು, ಏಪ್ರಿಲ್ ಹೊತ್ತಿಗೆ ಅರ್ಧ ಮೈದಾನ ಒಣಗಿ ಹಳದಿಯಾಗುತ್ತಿತ್ತು. ಆದರೆ ಉಳಿದ ಕಡೆಯೆಲ್ಲ ತಾನಾಗಿಯೇ ಹಬ್ಬಿದ ಗರಿಕೆ ಇತ್ತು. ದೊಡ್ಡ ಕ್ರೀಡಾಂಗಣಗಳು ದುಡ್ಡು ಸುರಿದು ಬೆಳೆಸುವ ಬರ್ಮುಡಾ ಹುಲ್ಲು ಈ ಗರಿಕೆಯ ಕುಲದ್ದೇ. ತುಳಿದರೂ ಒಣಗಿದರೂ ಮೊದಲ ಮಳೆ ಬಿದ್ದೊಡನೆ ಗೆಣ್ಣುಗಳಿಂದ ಮತ್ತೆ ಚಿಗುರುವ ಹುಲ್ಲು ಅದು. ಒಂದು ಕೊಳವೆಬಾವಿ, ವರ್ಷಕ್ಕೊಮ್ಮೆ ಮರಳು ಗೊಬ್ಬರ, ಪರೀಕ್ಷೆಯ ದಿನಗಳಲ್ಲಿ ಪೂರ್ತಿ ಬಿಡುವು, ಇಷ್ಟು ಕೊಟ್ಟರೆ ಮೈದಾನ ತಾನೇ ಸುಧಾರಿಸುತ್ತದೆ ಎಂದು ನಾನು ಮಂಡಳಿಗೆ ಬರೆದು ಕೊಟ್ಟಿದ್ದೆ. ಆ ಟಿಪ್ಪಣಿ ಇವತ್ತಿಗೂ ಕಡತದಲ್ಲಿದೆ.

ಆ ಹೊತ್ತಿಗೆ ಬಂದವರು ಈ ಮಹಾಶಯರು. ಹೊಳೆಯುವ ಫೈಲು, ಬಣ್ಣದ ಚಿತ್ರಗಳು, ಜೊತೆಗೆ ಫಿಫಾ ಮುದ್ರೆ ಇರುವ ಒಂದು ವರದಿ. ‘ನೀರು ಬೇಡ, ಮಾಲಿ ಬೇಡ, ಮಳೆಯಾಗಲಿ ಬಿಸಿಲಾಗಲಿ ದಿನವಿಡೀ ಆಡಿಸಿ, ಹತ್ತು ವರ್ಷ ಆ ಕಡೆ ತಿರುಗಿಯೂ ನೋಡುವ ಹಾಗಿಲ್ಲ ಸರ್’ ಎಂದರು. ಅಮೆರಿಕದ ಕಾಲೇಜು ಕ್ರೀಡಾಂಗಣಗಳ ಚಿತ್ರಗಳನ್ನು ಒಂದಾದ ಮೇಲೊಂದರಂತೆ ತೋರಿಸುತ್ತ, ‘ಅಮೆರಿಕದ ಕಾಲೇಜುಗಳೆಲ್ಲ ಇದನ್ನೇ ಹಾಕಿಸಿವೆ ಸರ್, ನಾವಿನ್ನೂ ಹುಲ್ಲು ಹುಲ್ಲು ಅಂತ ಕೂತಿದ್ದೇವೆ’ ಎಂದರು. ಅಧ್ಯಕ್ಷರ ಮುಖ ಅರಳಿದ್ದು ಆ ಮಾತಿಗೆ.

ಆ ಅಮೆರಿಕದ ಕಥೆಯನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ನಿಮ್ಮ ಮಂಡಳಿಯ ಮುಂದೆಯೂ ಅವರು ಅದನ್ನೇ ಹೇಳುತ್ತಾರೆ. ಕೃತಕ ಹುಲ್ಲು ಹೆಸರು ಮಾಡಿದ್ದು 1966ರಲ್ಲಿ, ಹ್ಯೂಸ್ಟನ್ ನಗರದ ಆಸ್ಟ್ರೋಡೋಮ್ ಎಂಬ ಮುಚ್ಚಿದ ಕ್ರೀಡಾಂಗಣದಲ್ಲಿ. ಪಾರದರ್ಶಕ ಚಾವಣಿಯ ಬೆಳಕು ಬೇಸ್‌ಬಾಲ್ ಆಟಗಾರರ ಕಣ್ಣು ಕುಕ್ಕುತ್ತದೆಂದು ಅದಕ್ಕೆ ಬಣ್ಣ ಬಳಿದಾಗ ಒಳಗಿನ ಹುಲ್ಲು ಬಿಸಿಲಿಲ್ಲದೆ ಸತ್ತಿತು. ಹುಲ್ಲು ಬೆಳೆಯದ ಕಡೆಗೆ ಹುಡುಕಿಕೊಂಡ ಉಪಾಯ ಅದು. ವರ್ಷದ ಬಹುಪಾಲು ಬಿಸಿಲು ಕಾಯುವ ಬಯಲುಸೀಮೆಯ ಮೈದಾನಕ್ಕೂ ಆ ಉಪಾಯಕ್ಕೂ ಏನು ಸಂಬಂಧ? ಇನ್ನು ಅದೇ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಆಟಗಾರರ ಸಂಘ 2012ರಿಂದ 2018ರವರೆಗಿನ ಗಾಯಗಳ ಲೆಕ್ಕವನ್ನು ಮುಂದಿಟ್ಟು, ಯಾರೂ ಡಿಕ್ಕಿ ಹೊಡೆಯದೆಯೇ ಕಾಲಿಗೆ ಆಗುವ ಗಾಯಗಳು ಕೃತಕ ಹುಲ್ಲಿನ ಮೇಲೆ ಶೇ. 28ರಷ್ಟು ಹೆಚ್ಚು ಎಂದು ಹೇಳಿ, ನಮಗೆ ನಿಜವಾದ ಹುಲ್ಲು ಕೊಡಿ ಎಂದು ಪಟ್ಟು ಹಿಡಿದಿದೆ. ಅವರದು ಬೇರೆ ಬಗೆಯ ಫುಟ್‌ಬಾಲ್, ಒಪ್ಪುತ್ತೇನೆ. ಆದರೆ ನಮ್ಮ ಫುಟ್‌ಬಾಲಿನಲ್ಲೂ 2015ರ ಮಹಿಳೆಯರ ವಿಶ್ವಕಪ್ ಕೆನಡಾದಲ್ಲಿ ಪೂರ್ತಿಯಾಗಿ ಕೃತಕ ಹುಲ್ಲಿನ ಮೇಲೆ ನಡೆದಾಗ ಪ್ರಮುಖ ಆಟಗಾರ್ತಿಯರು ಮೊದಲೇ ಅಲ್ಲಿನ ಮಾನವ ಹಕ್ಕುಗಳ ನ್ಯಾಯಮಂಡಳಿಗೆ ದೂರು ಕೊಟ್ಟಿದ್ದರು. ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿದ್ದ ಕೃತಕ ಹಾಸನ್ನು ಕಿತ್ತು, 2017ರ 17 ವರ್ಷದೊಳಗಿನವರ ವಿಶ್ವಕಪ್ಪಿಗಾಗಿ ಹುಲ್ಲು ಬೆಳೆಸಿದರು. ಬೆಂಗಳೂರು ಎಫ್‌ಸಿ ತಂಡ 2013-14ರ ತನ್ನ ಮೊದಲ ಋತುವನ್ನು ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದ ಕೃತಕ ಹಾಸಿನ ಮೇಲೆ ಆಡಿತ್ತು. ಆಮೇಲೆ ಅದು ಹೋದದ್ದು ಕಂಠೀರವದ ಹುಲ್ಲಿಗೆ. ಫೈಲಿನಲ್ಲಿ ಈ ಚಿತ್ರಗಳಾವುವೂ ಇರುವುದಿಲ್ಲ.

ಕೆಲಸ ಆರಂಭವಾದದ್ದು ನಮ್ಮ ಮಣ್ಣನ್ನು ಎತ್ತುವುದರಿಂದ. ಜೆಸಿಬಿ ಬಂತು, ಟಿಪ್ಪರುಗಳು ಬಂದವು. ದಶಕಗಳಿಂದ ಗರಿಕೆಯ ಬೇರು ಹಿಡಿದಿದ್ದ ಮೇಲ್ಮಣ್ಣನ್ನು ಕೆರೆದು ತುಂಬಿಕೊಂಡು ಹೋಗತೊಡಗಿದರು. ನಮ್ಮ ಮಾಲಿ ಓಡಿ ಬಂದು, ‘ಸರ್, ಈ ಮಣ್ಣ ಎಲ್ಲಿಗೆ ಒಯ್ಯಾಕತ್ತಾರ್ರಿ?’ ಎಂದು ಕೇಳಿದ. ನಾನು ಸೈಟ್ ಇಂಜಿನಿಯರನ್ನು ಕೇಳಿದರೆ, ‘ವೇಸ್ಟ್ ಮಣ್ಣು ಸರ್, ನಾವೇ ವಿಲೇವಾರಿ ಮಾಡುತ್ತೇವೆ, ಅದಕ್ಕೆ ನಿಮಗೆ ಚಾರ್ಜ್ ಇಲ್ಲ’ ಎಂದರು. ಆ ಮಣ್ಣು ಊರಾಚೆಯ ಹೊಸ ಬಡಾವಣೆಯೊಂದಕ್ಕೆ ಮಾರಾಟವಾಯಿತು ಎಂಬುದು ನಮಗೆ ತಿಳಿದದ್ದು ಟಿಪ್ಪರ್ ಚಾಲಕನಿಂದ. ನಮಗೆ ಚಾರ್ಜ್ ಇಲ್ಲವಂತೆ! ನಮ್ಮ ಮೈದಾನದ ಮಣ್ಣನ್ನು ಮಾರಿ, ನಮಗೆ ಉಪಕಾರ ಮಾಡಿದಂತೆ ಮಾತು.

ನಮ್ಮದು ಎರೆಮಣ್ಣು. ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿಯುವ ಈ ನೆಲದ ಮೇಲೆ ಏನನ್ನು ಹಾಸುವುದಾದರೂ ಆಳಕ್ಕೆ ತೆಗೆದು, ಗರಸು ತುಂಬಿ, ರೋಲರ್ ಹೊಡೆದು, ಅದರ ಮೇಲೆ ಜಲ್ಲಿಯ ಪದರ ಹಾಕಿ, ನೀರು ಬಸಿದು ಹೋಗಲು ಕೊಳವೆ ಹೂಳಬೇಕೆಂಬುದು ಇಲ್ಲಿನ ಮೇಸ್ತ್ರಿಗೂ ಗೊತ್ತು. ವರ್ಕ್ ಆರ್ಡರಿನಲ್ಲೂ ಹಾಗೆಯೇ ಬರೆದಿತ್ತು. ನಾನು ನಿಂತು ನೋಡಿದಾಗಲೆಲ್ಲ ಜಲ್ಲಿಯ ಪದರ ತೆಳುವಾಗಿ ಕಂಡು ಕೇಳಿದರೆ, ‘ರೋಲರ್ ಹೊಡೆದ ಮೇಲೆ ಕುಗ್ಗುತ್ತದೆ ಸರ್, ಟೆಕ್ನಿಕಲ್ ವಿಷಯ’ ಎಂಬ ಉತ್ತರ. ಹಾಸಿ ಮುಗಿದ ಮೇಲೆ ಮೈದಾನದ ಪರೀಕ್ಷೆ ಮಾಡಿಸಬೇಕೆಂದು ನಾನು ಲಿಖಿತವಾಗಿ ಕೇಳಿದೆ. ‘ಸುಮ್ಮನೆ ಖರ್ಚು ಸರ್, ಸರ್ಟಿಫಿಕೇಟ್ ಇದೆಯಲ್ಲ’ ಎಂದರು. ಸರ್ಟಿಫಿಕೇಟ್ ಇದೆಯಲ್ಲ, ಸರ್ಟಿಫಿಕೇಟ್ ಇದೆಯಲ್ಲ. ಮಂಡಳಿಯ ಸಭೆಯಲ್ಲೂ ಅದೇ ಮಾತು.

ವಿಶ್ವವಿದ್ಯಾಲಯದ ಅಂತರಕಾಲೇಜು ಪಂದ್ಯಾವಳಿಯನ್ನು ಹೊಸ ಮೈದಾನದಲ್ಲೇ ನಡೆಸುವುದೆಂದು ನಿರ್ಧಾರವಾಯಿತು. ದೇಣಿಗೆ ಕೊಟ್ಟ ಹಳೆಯ ವಿದ್ಯಾರ್ಥಿಗಳನ್ನು ಕರೆಸಿ, ಶಾಲು ಹೊದಿಸಿ, ಭಾಷಣಗಳೂ ಮುಗಿದವು. ತಂಡಗಳು ಮೈ ಬಿಸಿ ಮಾಡಿಕೊಳ್ಳುತ್ತಿದ್ದಾಗ ಹೊರಗಿನ ಕಾಲೇಜೊಂದರ ಕೋಚ್, ಹಿಂದೆ ರೈಲ್ವೆ ತಂಡಕ್ಕೆ ಆಡಿದ್ದ ಹಿರಿಯರು, ಪೆನಾಲ್ಟಿ ಚೌಕದಲ್ಲಿ ಕುಕ್ಕುರುಗಾಲಲ್ಲಿ ಕುಳಿತು, ಎರಡೂ ಹೆಬ್ಬೆರಳಿನಿಂದ ಎಳೆಗಳನ್ನು ಬಿಡಿಸಿ, ನಡುವೆ ತುಂಬಿದ್ದ ರಬ್ಬರ್ ಪುಡಿಯನ್ನು ಸರಿಸಿ, ತೋರುಬೆರಳನ್ನು ಒಳಗಿಳಿಸಿದರು. ಬೆರಳು ಎರಡನೆಯ ಗೆಣ್ಣಿನವರೆಗೂ ಇಳಿಯದೆ ಗಟ್ಟಿ ತಳಕ್ಕೆ ತಾಗಿ ನಿಂತಿತು. ಅವರು ತಲೆಯೆತ್ತಿ, ‘ಸರ್, ಈ ಎಳೆ ಅರವತ್ತು ಮಿಲಿಮೀಟರ್ ಅಲ್ಲ. ಕೆಳಗೆ ಪ್ಯಾಡೂ ಇದ್ದಂತಿಲ್ಲ. ಯಾರು ಹಾಕಿದ್ದು?’ ಎಂದು ಕೇಳಿದರು. ಅವರ ದನಿಯಲ್ಲಿ ಕೊಂಕು ಇರಲಿಲ್ಲ, ನಮ್ಮ ಬಗ್ಗೆ ಮರುಕವಿತ್ತು. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ಪಕ್ಕದಲ್ಲಿ ಅಧ್ಯಕ್ಷರು, ಅವರ ಪಕ್ಕದಲ್ಲಿ ಶಾಲು ಹೊದ್ದ ದಾನಿಗಳು, ಹಿಂದೆ ನನ್ನ ಹುಡುಗರು. ಅಷ್ಟು ಜನರ ಮುಂದೆ ನನ್ನ ಬಾಯಿಂದ ಮಾತು ಹೊರಡಲಿಲ್ಲ.

ಅಂದು ಸಂಜೆ ಮೂಲೆ ಬಾವುಟದ ಬಳಿ ಮಡಚಿ ಬಿಟ್ಟಿದ್ದ ಅಂಚನ್ನು ಕತ್ತರಿಸಿ ತಂದು, ವಿದ್ಯಾರ್ಥಿಯೊಬ್ಬನ ಜಾಮಿಟ್ರಿ ಬಾಕ್ಸಿನ ಸ್ಕೇಲಿಟ್ಟು ಅಳೆದೆ. ವರ್ಕ್ ಆರ್ಡರಿನಲ್ಲಿ 60 ಮಿಲಿಮೀಟರ್ ಎಂದಿದ್ದ ಎಳೆ 40 ಮಿಲಿಮೀಟರ್ ಇತ್ತು. 40 ಮಿಲಿಮೀಟರಿನ ಹಾಸು ತಪ್ಪೆಂದು ನಾನು ಹೇಳುವುದಿಲ್ಲ, ಕೆಳಗೆ ಆಘಾತ ತಡೆಯುವ ಪ್ಯಾಡ್ ಹಾಕಿದ್ದರೆ ಅದೂ ನಡೆಯುತ್ತದೆ. ನಮ್ಮಲ್ಲಿ ಎಳೆಯೂ ಗಿಡ್ಡ, ಪ್ಯಾಡೂ ಇಲ್ಲ. ಆಮೇಲೆ ಆ ಫಿಫಾ ವರದಿಯನ್ನು ತೆಗೆದು ಮೊದಲ ಪುಟದಿಂದ ಓದಿದೆ. ಅದು ಪ್ರಯೋಗಾಲಯದಲ್ಲಿ ಒಂದು ತುಂಡನ್ನು ಪರೀಕ್ಷಿಸಿದ ವರದಿ. ಅದರಲ್ಲಿದ್ದ ಉತ್ಪನ್ನದ ಹೆಸರೇ ಬೇರೆ, ನಮ್ಮ ಇನ್‌ವಾಯ್ಸಿನಲ್ಲಿದ್ದ ಹೆಸರೇ ಬೇರೆ. ಎಳೆಯ ಎತ್ತರ ಬೇರೆ, ತುಂಬಬೇಕಾದ ಮರಳು ಮತ್ತು ರಬ್ಬರಿನ ಪ್ರಮಾಣ ಬೇರೆ. ಆ ಕಾಗದಕ್ಕೂ ನಮ್ಮ ಮೈದಾನಕ್ಕೂ ಯಾವ ಸಂಬಂಧವೂ ಇರಲಿಲ್ಲ.

ದಯವಿಟ್ಟು ಇದೊಂದನ್ನು ತಿಳಿದುಕೊಳ್ಳಿ. ಫಿಫಾ ಗುಣಮಟ್ಟದ ಮುದ್ರೆ ಸುರುಳಿಯಾಗಿ ಬರುವ ಕೃತಕ ಹುಲ್ಲಿಗೆ ಸಿಗುವುದಲ್ಲ, ಹಾಸಿ ಮುಗಿಸಿದ ಮೈದಾನಕ್ಕೆ ಸಿಗುವುದು. ಪ್ರಯೋಗಾಲಯದ ಪರೀಕ್ಷೆ ಮೊದಲ ಮೆಟ್ಟಿಲು ಮಾತ್ರ. ಆಮೇಲೆ ಮಾನ್ಯತೆ ಪಡೆದ ಸಂಸ್ಥೆಯವರು ಮೈದಾನಕ್ಕೇ ಬಂದು, ಚೆಂಡು ಎಷ್ಟು ಪುಟಿಯುತ್ತದೆ, ಎಷ್ಟು ದೂರ ಉರುಳುತ್ತದೆ, ನೆಲ ಎಷ್ಟು ಆಘಾತ ಹೀರುತ್ತದೆ, ಬೂಟು ತಿರುಗುವಾಗ ಎಷ್ಟು ಹಿಡಿಯುತ್ತದೆ ಎಂಬುದನ್ನೆಲ್ಲ ಉಪಕರಣಗಳಿಂದ ಅಳೆಯಬೇಕು. ಅತಿ ಮೇಲ್ದರ್ಜೆಯ ಮುದ್ರೆಯಾದರೆ ಅದರ ಅವಧಿ ಒಂದೇ ವರ್ಷ, ಮತ್ತೆ ಪರೀಕ್ಷೆ ಮಾಡಿಸಬೇಕು. ‘ಹತ್ತು ವರ್ಷ ತಿರುಗಿ ನೋಡುವ ಹಾಗಿಲ್ಲ’ ಎಂದ ಮನುಷ್ಯನಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ನಮಗೆ ಗೊತ್ತಿಲ್ಲ ಎಂಬುದೂ ಗೊತ್ತಿತ್ತು.

ಫೋನ್ ಮಾಡಿದರೆ ಮೊದಲು ಸಿಕ್ಕ ಉತ್ತರ, ‘ಸರ್, ನಲವತ್ತಕ್ಕೂ ಅರವತ್ತಕ್ಕೂ ಆಡುವವರಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ.’ ದುಡ್ಡು ಮಾತ್ರ ಅರವತ್ತರ ಲೆಕ್ಕದಲ್ಲಿ ಪಡೆದಿದ್ದೀರಲ್ಲ ಎಂದು ಕೇಳಿದೆ. ‘ಅಕೌಂಟ್ಸ್ ವಿಭಾಗಕ್ಕೆ ಮೇಲ್ ಹಾಕಿ’ ಎಂದರು. ಮೇಲ್ ಹಾಕಿದರೆ, ನಿಮ್ಮ ಪ್ರಾಂಶುಪಾಲರು ಕೆಲಸ ಮುಗಿದ ಪತ್ರಕ್ಕೆ ಸಹಿ ಮಾಡಿದ್ದಾರೆ ಎಂಬ ಮರುತ್ತರ. ಆ ಸಹಿಯನ್ನು ಪಂದ್ಯಾವಳಿಯ ಗಡಿಬಿಡಿಯಲ್ಲಿ, ‘ಇನಾಗುರೇಶನ್ನಿಗೆ ಬೇಕು ಸರ್’ ಎಂದು ಹೇಳಿ ಪಡೆದಿದ್ದರು. ಮುಂದೆ ಒಂದು ವಾಟ್ಸ್‌ಆ್ಯಪ್ ಸಂದೇಶ ಬಂತು: ‘ನಿಮ್ಮ ಹುಡುಗರು ಸ್ಟಡ್ ಹಾಕಿ ಆಡಿದ್ದಾರೆ, ವಾರಂಟಿ ಅನ್ವಯವಾಗುವುದಿಲ್ಲ.’ ಫುಟ್‌ಬಾಲ್ ಮೈದಾನದಲ್ಲಿ ಫುಟ್‌ಬಾಲ್ ಬೂಟು ಹಾಕಿ ಆಡಿದರೆ ವಾರಂಟಿ ಇಲ್ಲ! ಈ ಸಂದೇಶವನ್ನು ಅಚ್ಚು ಹಾಕಿಸಿ ವಕೀಲರಿಗೆ ಕೊಟ್ಟಿದ್ದೇನೆ.

ಬೇಸಿಗೆಯಲ್ಲಿ ಮೈದಾನ ಕಾದ ಹೆಂಚಾಯಿತು. ಮಧ್ಯಾಹ್ನ ಹತ್ತಿರ ಹೋದರೆ ಟೈರು ಸುಟ್ಟ ವಾಸನೆ, ಏಕೆಂದರೆ ಎಳೆಗಳ ನಡುವೆ ತುಂಬಿರುವುದು ಹಳೆಯ ಟೈರುಗಳ ಪುಡಿ. ಭೌತಶಾಸ್ತ್ರ ವಿಭಾಗದಿಂದ ಇನ್‌ಫ್ರಾರೆಡ್ ಥರ್ಮಾಮೀಟರ್ ತಂದು ಹಿಡಿದಾಗ ಹಾಸಿನ ಮೇಲೆ 60 ಡಿಗ್ರಿ ದಾಟಿ ತೋರಿಸಿತು. ಬೇಲಿಯಾಚೆ ಉಳಿದಿದ್ದ ಗರಿಕೆಯ ತುಣುಕಿನ ಮೇಲೆ ಅಂಗೈ ಊರಿ ಕೂರಬಹುದಿತ್ತು. ‘ನೀರು ಹೊಡೆಯಿರಿ ಸರ್, ತಣ್ಣಗಾಗುತ್ತದೆ’ ಎಂದರು. ನೀರು ಬೇಡ ಎಂದು ಮಾರಿದವರು ಇವರೇ! ಅವರು ಹೊಗಳಿದ ಅಮೆರಿಕದಲ್ಲೇ, ಯೂಟಾ ರಾಜ್ಯದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು ತಮ್ಮ ಮೈದಾನದಲ್ಲಿ 2002ರಲ್ಲಿ ಅಳೆದಿದ್ದಾರೆ. ಗಾಳಿಯ ಉಷ್ಣತೆ 37 ಡಿಗ್ರಿಯ ಆಸುಪಾಸಿನಲ್ಲಿದ್ದ ದಿನ ಕೃತಕ ಹಾಸಿನ ಮೇಲ್ಮೈ 93 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ನೀರು ಹಾಯಿಸಿದರೆ ಥಟ್ಟನೆ ತಣಿದರೂ ಕೆಲವೇ ನಿಮಿಷಗಳಲ್ಲಿ ಮತ್ತೆ ಕಾಯತೊಡಗುತ್ತದೆ ಎಂಬುದನ್ನೂ ಅವರು ದಾಖಲಿಸಿದ್ದಾರೆ. ಈಗ ನಮ್ಮ ಅಭ್ಯಾಸ ಬೆಳಗ್ಗೆ ಎಂಟಕ್ಕೆ ಮುಗಿಯುತ್ತದೆ, ಸಂಜೆ ಆರಕ್ಕೆ ಮತ್ತೆ ತೊಡಗುತ್ತದೆ. ದಿನವಿಡೀ ಆಡಿಸಿ ಎಂದಿದ್ದರು!

ಚೆಂಡಿಗಾಗಿ ಜಾರಿ ಬಿದ್ದ ಹುಡುಗರ ಮೊಣಕಾಲು, ತೊಡೆ ಸಿಪ್ಪೆ ಸುಲಿದಂತಾಗಿ ಬೆಡ್‌ಶೀಟಿಗೆ ಅಂಟುತ್ತವೆ. ರಬ್ಬರಿನ ಕರಿ ಹರಳು ಬೂಟು, ಕಾಲುಚೀಲದಲ್ಲಿ ಸೇರಿ ಹಾಸ್ಟೆಲಿನ ಸ್ನಾನದ ಮನೆಯ ಕೊಳವೆಗಳನ್ನು ಕಟ್ಟಿಸಿತು. ಮಳೆ ಬಂದಾಗ ಚರಂಡಿಯಲ್ಲಿ ಕಪ್ಪಗೆ ಹರಿದು ಊರಿನ ಹಳ್ಳ ಸೇರಿತು. ಇದೇ ಬಗೆಯ ಪುಡಿಯ ಮಾರಾಟವನ್ನು 2031ರಿಂದ ನಿಲ್ಲಿಸುವುದಾಗಿ ಐರೋಪ್ಯ ಒಕ್ಕೂಟ 2023ರಲ್ಲೇ ಕಾನೂನು ಮಾಡಿದೆ. ಅಲ್ಲಿ ಬೇಡವಾಗುತ್ತಿರುವುದನ್ನು ನಮ್ಮ ತಲೆಗೆ ಕಟ್ಟಿದ್ದಾರೆ.

ಮೊದಲ ದೊಡ್ಡ ಮಳೆಗೆ ಎರೆಮಣ್ಣು ಉಬ್ಬಿತು. ಮಧ್ಯರೇಖೆಯ ಬಳಿ ಎರಡು ಹಾಸುಗಳು ಕೂಡುವ ಅಂಚು ಬಿಟ್ಟುಕೊಂಡು, ಅಂಟು ಎಳೆ ಎಳೆಯಾಗಿ ಹಿಗ್ಗಿ, ಕೈ ತೂರುವಷ್ಟು ಬಾಯಿ ತೆರೆಯಿತು. ದ್ವಿತೀಯ ವರ್ಷದ ಒಬ್ಬ ಹುಡುಗನ ಬೂಟು ಅಲ್ಲಿ ಸಿಕ್ಕಿ ಮೊಣಕಾಲು ತಿರುಚಿತು. ಅವನು ಈ ಋತು ಪೂರ್ತಿ ಆಡುವಂತಿಲ್ಲ. ಅವನ ತಂದೆ ಬಂದು ನನ್ನ ಎದುರು ಕುಳಿತು ಏನೂ ಬೈಯದೆ ಆಸ್ಪತ್ರೆಯ ಬಿಲ್ಲನ್ನು ಮೇಜಿನ ಮೇಲಿಟ್ಟರು. ಆ ಬಿಲ್ಲನ್ನು ಕಂಪನಿಗೆ ಕಳಿಸಿದರೆ ಬಂದ ಉತ್ತರ: ‘ನಿಮ್ಮ ಮಣ್ಣಿನ ದೋಷಕ್ಕೆ ನಾವು ಜವಾಬ್ದಾರರಲ್ಲ.’ ಮಣ್ಣು ಮಾರಿಕೊಳ್ಳುವಾಗ ಅದರಲ್ಲಿ ದೋಷ ಕಾಣಲಿಲ್ಲ.

ಕೃತಕ ಹುಲ್ಲು ಎಲ್ಲಿಯೂ ಬೇಡ ಎಂಬುದು ನನ್ನ ವಾದವಲ್ಲ. ಒಂದೇ ಮೈದಾನದ ಮೇಲೆ ಲೀಗ್ ಪಂದ್ಯಗಳು ಬಿಡುವಿಲ್ಲದೆ ನಡೆಯುವ ಅಶೋಕನಗರದಂಥ ಕಡೆ ಹುಲ್ಲು ತಾಳಲಾರದು, ಅಲ್ಲಿ ಅದಕ್ಕೆ ಕಾರಣವಿದೆ. ದಿನಕ್ಕೆರಡು ಹೊತ್ತು ಅಭ್ಯಾಸ, ವರ್ಷಕ್ಕೊಂದೆರಡು ಪಂದ್ಯಾವಳಿ ನಡೆಸುವ ಕಾಲೇಜಿಗೆ, ಅದರಲ್ಲೂ ಬಿಸಿಲ ಸೀಮೆಯಲ್ಲಿ, ಗರಿಕೆಯೇ ಸಾಕು. ಅಷ್ಟಾದರೂ ಮಂಡಳಿ ಹಟ ಹಿಡಿದರೆ, ಹಾಸಿದ ಮೈದಾನದ ಪರೀಕ್ಷಾ ವರದಿ ಕೈಗೆ ಬರುವವರೆಗೆ ಕೊನೆಯ ಕಂತನ್ನು ಕೊಡಬೇಡಿ, ಆ ಕಂತು ಸಣ್ಣದಾಗಿರದಂತೆ ನೋಡಿಕೊಳ್ಳಿ. ಲಾರಿಯಿಂದ ಇಳಿಸಿದ ದಿನವೇ ಪ್ರತಿ ಸುರುಳಿಯ ಎಳೆಯನ್ನು ಸ್ಕೇಲಿಟ್ಟು ಅಳೆಯಿರಿ. ಜಲ್ಲಿಯ ಪದರವನ್ನು ನಿಮ್ಮದೇ ಸಿವಿಲ್ ಇಂಜಿನಿಯರ್ ಅಗೆದು ನೋಡಲಿ. ನಿಮ್ಮ ಮಣ್ಣನ್ನು ಗೇಟಿನಾಚೆ ಬಿಡಬೇಡಿ. ‘ಸರ್ಟಿಫಿಕೇಟ್ ಇದೆಯಲ್ಲ’ ಎಂದವರನ್ನು ಎದ್ದು ಹೋಗಲು ಹೇಳಿ.

ಇದನ್ನು ಈಗಲೇ ಬರೆಯಲು ಕಾರಣವಿದೆ. ಅದೇ ಜನ ಈಗ ಕೊಪ್ಪಳ, ರಾಯಚೂರು ಕಡೆಯ ಕಾಲೇಜುಗಳಿಗೆ ಓಡಾಡುತ್ತಿದ್ದಾರೆ ಎಂದು ಸಹೋದ್ಯೋಗಿಯೊಬ್ಬರು ತಿಳಿಸಿದರು. ಅವರ ಹೊಸ ಫೈಲಿನಲ್ಲಿ ‘ನಾವು ಯಶಸ್ವಿಯಾಗಿ ಮುಗಿಸಿದ ಕೆಲಸ’ ಎಂಬ ಪುಟದಲ್ಲಿರುವುದು ನಮ್ಮ ಮೈದಾನದ ಚಿತ್ರ, ಉದ್ಘಾಟನೆಯ ಬೆಳಗ್ಗೆ ಮೇಲಿನಿಂದ ತೆಗೆದದ್ದು. ತೆಗೆದುಹಾಕಿ ಎಂದು ಬರೆದರೆ, ‘ಅದು ನಮ್ಮ ಕೆಲಸದ ಚಿತ್ರ, ನಮ್ಮ ಹಕ್ಕು’ ಎಂದು ಉತ್ತರಿಸಿದ್ದಾರೆ. ಪೂರ್ವದ ಗೋಲಿನ ಹಿಂದೆ ನೀರಿನ ಟ್ಯಾಂಕ್, ಅದರ ಪಕ್ಕದಲ್ಲಿ ಸಾಲಾಗಿ ಬೇವಿನ ಮರಗಳಿರುವ ಹಸಿರು ಮೈದಾನದ ಚಿತ್ರವನ್ನು ಯಾರಾದರೂ ನಿಮ್ಮ ಮೇಜಿನ ಮೇಲಿಟ್ಟರೆ, ಅದು ಯಾವ ಕಾಲೇಜು ಎಂದು ಅವರ ಬಾಯಿಂದಲೇ ಹೇಳಿಸಿ, ಚೆಕ್ಕಿಗೆ ಸಹಿ ಹಾಕುವ ಮುನ್ನ ಆ ಕಾಲೇಜಿನ ದೈಹಿಕ ಶಿಕ್ಷಣ ವಿಭಾಗಕ್ಕೆ ಒಮ್ಮೆ ಬನ್ನಿ. ಕತ್ತರಿಸಿ ತಂದ ತುಂಡು, ವರ್ಕ್ ಆರ್ಡರ್, ಆ ವರದಿ, ಮೂರನ್ನೂ ನಾನೇ ತೋರಿಸುತ್ತೇನೆ.